ತಟ್ಟೆಯ ಮೇಲೆ ಬದುಕಿರುವವಳ ಹೆಸರು

ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಜಿನಚಂದ್ರ ಅವರ ಪಾತ್ರೆ ಅಂಗಡಿ. ಬಾಗಿಲ ಪಕ್ಕ ಒಂದು ಸ್ಟೂಲು, ಅದರ ಮೇಲೆ ರೂಪಶ್ರೀ, ಅವಳ ಕೈಯಲ್ಲಿ ಹೆಸರು ಕೊರೆಯುವ ಮಿಷನ್ನು. ಪೆನ್ನಿಗಿಂತ ದಪ್ಪ, ಹಿಂದೆ ವೈರು, ಮುಂದೆ ಸೂಜಿ. ಸ್ವಿಚ್ಚು ಒತ್ತಿ ಸ್ಟೀಲಿಗೆ ಮುಟ್ಟಿಸಿದರೆ ಹಲ್ಲು ಜುಮ್ಮೆನ್ನುವ ಹಾಗೆ ಗರ್ರೆನ್ನುತ್ತದೆ. ಹೊಸ ಗಿರಾಕಿಗಳು ಕಿವಿ ಮುಚ್ಚಿಕೊಳ್ಳುತ್ತಾರೆ. ರೂಪಶ್ರೀಗೆ ಹದಿಮೂರು ವರ್ಷದಿಂದ ಆ ಶಬ್ದ ಎಷ್ಟು ಅಭ್ಯಾಸವಾಗಿದೆಯೆಂದರೆ, ಕರೆಂಟು ಹೋದಾಗ ಅವಳಿಗೆ ತಲೆ ಭಾರವಾಗುತ್ತದೆ.

ಮದುವೆಗೆ ಕೊಡುವ ಕೊಳಗ, ಗೃಹಪ್ರವೇಶಕ್ಕೆ ಮುಯ್ಯಿ ಮಾಡುವ ಹಂಡೆ, ನಾಮಕರಣದ ಬಟ್ಟಲು, ಎಲ್ಲದರ ಮೇಲೂ ಹೆಸರು ಬೇಕು. ಯಾರ ಹೆಸರು ಎಂದು ಅವಳು ಕೇಳುವುದನ್ನೇ ಬಿಟ್ಟಿದ್ದಾಳೆ. ತಾತನದು, ಅಪ್ಪನದು, ಇಲ್ಲವೇ ಗಂಡನದು. ಹೆಂಗಸಿನ ಹೆಸರು ಬರುವುದು ಹೆಚ್ಚಾಗಿ ಅವಳು ಸತ್ತ ಮೇಲೆ. ತಿಥಿಯ ಊಟಕ್ಕೆ ಬಂದವರಿಗೆ ಹಂಚಲು ಐವತ್ತೋ ನೂರೋ ಸಣ್ಣ ತಟ್ಟೆ ತೆಗೆದುಕೊಂಡು ಹೋಗುತ್ತಾರೆ. ಅದರ ಮೇಲೆ ಹೆಸರು, ಊರು, ತಾರೀಖು. ಇಡೀ ಜೀವಮಾನ ಗಂಡನ ಹೆಸರಿನ ಪಾತ್ರೆ ತಿಕ್ಕಿದವಳಿಗೆ ಆಗ ಒಂದು ತಟ್ಟೆಯಷ್ಟು ಜಾಗ ಸಿಗುತ್ತದೆ.

ರೂಪಶ್ರೀಯೇನೂ ಬೇರೆಯಾಗಿ ಶುರು ಮಾಡಿದವಳಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕೈ ಕೂರಲಿ ಎಂದು, ನುಗ್ಗೇಹಳ್ಳಿಯ ಮನೆಯಿಂದ ಪಾತ್ರೆಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದು ಎಲ್ಲದರ ಮೇಲೂ ಗಂಡ ಮೋಹನ್‌ಕುಮಾರನ ಹೆಸರು ಕೊರೆದಿದ್ದಳು. ಹಾಲು ಕರೆಯುವ ಬಕೆಟ್ಟನ್ನೂ ಬಿಡಲಿಲ್ಲ.

ಬೆಳಿಗ್ಗೆ ಐದಕ್ಕೆ ಎದ್ದರೆ ಸಗಣಿ ಬಾಚಿ, ಚುಕ್ಕಿಯ ಹಾಲು ಕರೆದು ಡೈರಿಗೆ ಹಾಕಿ, ತಿಂಡಿ ಮಾಡಿ, ಮಧ್ಯಾಹ್ನದ ಮುದ್ದೆಗೆ ಸಾರು ಇಟ್ಟು, ಒಂಬತ್ತರ ಬಸ್ಸು. ಸಂಜೆ ನಾಲ್ಕೂಕಾಲಿನ ಬಸ್ಸಿಗೆ ವಾಪಸು. ಐದೂವರೆಗೆ ಮತ್ತೆ ಚುಕ್ಕಿ. ಆ ಹಸು ರೂಪಶ್ರೀಯ ಕೈಗಲ್ಲದೆ ಬೇರೆಯವರಿಗೆ ಹಾಲು ಇಳಿಸುತ್ತಿರಲಿಲ್ಲ. ಅತ್ತೆ ಬೆಟ್ಟಮ್ಮ ನಲವತ್ತು ವರ್ಷ ಹಸು ಕರೆದು ಕರೆದು ಬೆರಳುಗಳು ಸೊಟ್ಟಗಾಗಿ, ಈಗ ಸೆರಗನ್ನು ಸಿಕ್ಕಿಸಿಕೊಳ್ಳಲೂ ಒದ್ದಾಡುತ್ತಿದ್ದಳು. ಮೋಹನ್‌ಕುಮಾರ್ ಊರಿನ ಸೊಸೈಟಿಯಲ್ಲಿ ಗುಮಾಸ್ತ. ಐದು ಗಂಟೆಗೆ ಮನೆಗೆ ಬಂದು ಕಾಫಿ ಕುಡಿದು ತೆಂಗಿನ ತೋಟದ ಕಡೆ ಒಂದು ಸುತ್ತು ಹೋಗಿಬರುತ್ತಿದ್ದ. ಅದಕ್ಕೆ ಅವನು ತೋಟದ ಕೆಲಸ ಎನ್ನುತ್ತಿದ್ದ.

ಅಂಗಡಿಯ ಮೂವರು ಹೆಂಗಸರ ಬ್ಯಾಂಡು ಹುಟ್ಟಿದ್ದು ಚಂದ್ರಶೇಖರಯ್ಯ ಎಂಬ ಗಿರಾಕಿಯಿಂದ. ಆತ ಹೆಂಡತಿಯ ತಿಥಿಗೆಂದು ಐವತ್ತೊಂದು ತಟ್ಟೆ ಆರಿಸಿ, ಬರೆಯಬೇಕಾದದ್ದನ್ನು ಚೀಟಿಯಲ್ಲಿ ಬರೆದುಕೊಟ್ಟ.

“ನನ್ ಹೆಸ್ರು ಮೇಲೆ ದಪ್ಪುಕ್ಕೆ ಬರ್ಲಿ ಕಣಮ್ಮ. ಅವ್ಳುದು ಕೆಳ್ಗೆ ಸಣ್ಣುಕ್ಕೆ ಸಾಕು. ಅವ್ಳು ಯಾರ್ಗೂ ಗೊತ್ತಿಲ್ಲ, ನಾನಾದ್ರೆ ಎಲ್ಲಾರ್ಗೂ ಗೊತ್ತು.”

ರೂಪಶ್ರೀ ಐವತ್ತೊಂದನ್ನೂ ಅವನು ಹೇಳಿದ ಹಾಗೇ ಕೊರೆದುಕೊಟ್ಟಳು. ಅವನು ಹೋದ ಮೇಲೆ ಮಿಷನ್ನು ಆಫ್ ಮಾಡಲಿಲ್ಲ. ನಗ್ಗುಬಿದ್ದ ಒಂದು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆದಳು:

ಇದ್ಯಾರ್ ತಿಂದ ತಟ್ಟೆ?
ಹೆಸ್ರು ಐತೆ ನೋಡು.
ಹೆಸ್ರಿದ್ದೋನ್ನ ಕರಿ,
ತೊಳ್ಯಕ್ ಯೋಳು.

ಗಲ್ಲಾದಲ್ಲಿ ಕೂತಿದ್ದ ತ್ರಿಷಾ ಬಂದು ಓದಿದಳು. ಜಿನಚಂದ್ರರ ಮಗಳು ಅವಳು. ಹಾಸನದಲ್ಲಿ ಡಿಗ್ರಿ ಮುಗಿಸಿ ಬರುವಾಗ ಒಂದು ಎಲೆಕ್ಟ್ರಿಕ್ ಗಿಟಾರು ತಂದಿದ್ದಳು. ಗಂಡು ಗೊತ್ತಾಗುವವರೆಗೆ ಅಂಗಡಿ ನೋಡಿಕೊಂಡಿರು ಎಂದು ಅಪ್ಪ ಕೂರಿಸಿದ್ದರು.

“ರೂಪಕ್ಕಾ, ಇದನ್ನ ಹಾಡ್ತೀರಾ? ಒಂದ್ ಬ್ಯಾಂಡ್ ಮಾಡೋಣ.”

“ನಂಗೆ ಶ್ರುತಿ ಗಿತಿ ಬರಲ್ಲ ಮಾರಾಯ್ತಿ.”

“ಬರದಿದ್ರೇ ಒಳ್ಳೇದು. ಇದಕ್ಕೆ ಪಂಕ್ ಅಂತಾರೆ. ಗಿಟಾರಲ್ಲಿ ಮೂರು ಹಿಡಿತ ಗೊತ್ತಿದ್ರೆ ಸಾಕು. ಮಿಕ್ಕಿದ್ದು ಸಿಟ್ಟು. ಕೂಗೋಕ್ ಬರುತ್ತಲ್ವಾ?”

“ಪಂಕ ಅಂದ್ರೆ ಕೆಸರಲ್ವಾ? ಗಂಗಾಧರಯ್ಯ ಮೇಷ್ಟ್ರು ಹೇಳ್ಕೊಟ್ಟಿದ್ರು.”

ಒಳಗೆ ಪಾತ್ರೆಗಳ ಧೂಳು ಒರೆಸುತ್ತಿದ್ದ ಧನ್ಯಾ ಅಲ್ಲಿಂದಲೇ ಅಂದಳು, “ಕೆಸ್ರೇ ಆಗ್ಲಿ ಬಿಡಕ್ಕ. ನಾವೇನ್ ಪನ್ನೀರಲ್ ಕೈ ತೊಳ್ಕಂಡ್ ಕೂತಿದೀವಾ? ಮುಸುರೆ ಅಂತ ಹೆಸ್ರಿಡ್ರಿ.” ಧನ್ಯಾ ಹೊಳೆನರಸೀಪುರದವಳು. ಗಂಡನ ಮನೆ ಬಿಟ್ಟು ಬಂದು ಪಟ್ಟಣದಲ್ಲಿ ಅಕ್ಕನ ಮನೆಯಲ್ಲಿದ್ದಳು. ಮಾತಾಡುತ್ತಲೇ ಅವಳು ಬೋರಲು ಹಾಕಿದ್ದ ಕೊಳಗದ ಮೇಲೆ ಸೌಟಿನಿಂದ ಬಾರಿಸತೊಡಗಿದ್ದಳು. ಬ್ಯಾಂಡಿಗೆ ಡ್ರಮ್ಮು ಎಲ್ಲಿಂದ ತರುವುದು ಎಂಬ ಪ್ರಶ್ನೆ ಹುಟ್ಟುವ ಮೊದಲೇ ತೀರಿತು.

ಮಧ್ಯಾಹ್ನ ಎರಡರಿಂದ ಮೂರೂವರೆವರೆಗೆ ಜಿನಚಂದ್ರರು ಊಟ ಮಾಡಿ ಮಲಗುತ್ತಿದ್ದರು. ಅಷ್ಟು ಹೊತ್ತು ಹಿಂದಿನ ಗೋಡೌನು ಇವರದು. ತ್ರಿಷಾಳ ಗಿಟಾರು, ಧನ್ಯಾಳ ಕೊಳಗ ಮತ್ತು ಇಡ್ಲಿಪಾತ್ರೆಯ ಮುಚ್ಚಳ, ರೂಪಶ್ರೀಯ ಗಂಟಲು. ನಡುನಡುವೆ ಅವಳು ಮಿಷನ್ನನ್ನು ತಟ್ಟೆಗೆ ಒತ್ತಿ ಮೈಕಿಗೆ ಹಿಡಿದರೆ ಇಡೀ ಗೋಡೌನಿನ ಪಾತ್ರೆಗಳು ಅದರುತ್ತಿದ್ದವು. ಎದ್ದುಬಂದು ನೋಡಿದ ಜಿನಚಂದ್ರರು, “ಏನಾದ್ರೂ ಮಾಡ್ಕೊಳ್ಳಿ, ಹೊಸ ಮಾಲು ಮುಟ್ಬೇಡಿ,” ಎಂದಷ್ಟೇ ಹೇಳಿ ಹೋದರು.

ಆ ಒಂದೂವರೆ ಗಂಟೆ ರೂಪಶ್ರೀಗೆ ಸಾಲುತ್ತಿರಲಿಲ್ಲ. ಮನೆಯಲ್ಲಿ ಅವಳು ಬಾಯಿ ತೆಗೆದು ಕೂಗಲು ಜಾಗವೇ ಇರಲಿಲ್ಲ, ಕೊಟ್ಟಿಗೆ ಒಂದನ್ನು ಬಿಟ್ಟು. ಕೊಟ್ಟಿಗೆಗೆ ಅವಳಲ್ಲದೆ ಯಾರೂ ಬರುತ್ತಿರಲಿಲ್ಲ. ಹಾಲು ಕರೆಯುತ್ತ ಚುಕ್ಕಿಯ ಹೊಟ್ಟೆಗೆ ಹಣೆ ಒತ್ತಿ ಅರಚುತ್ತಿದ್ದಳು. ಮೊದಮೊದಲು ಹಸು ಕಾಲು ಝಾಡಿಸಿತು. ತಿಂಗಳು ಕಳೆಯುವಷ್ಟರಲ್ಲಿ ಹಾಡು ಶುರುವಾದರೆ ಮಾತ್ರ ಹಾಲು ಇಳಿಸುವ ಹಾಗಾಯಿತು.

“ಅಸೀನ್ ಕೆಡಿಸ್ಬುಟ್ಟೆ ಕಣವ್ವ,” ಎಂದಳು ಬೆಟ್ಟಮ್ಮ.

ಮೊದಲ ಕಾರ್ಯಕ್ರಮ ಪಟ್ಟಣದ ಒಂದು ಕಾಲೇಜಿನಲ್ಲಿ, ಮಹಿಳಾ ದಿನಾಚರಣೆಗೆ. ಪುಣ್ಯಕ್ಕೆ ಬೆಳಿಗ್ಗೆ ಹನ್ನೊಂದಕ್ಕೆ. ಬ್ಯಾಂಡ್ ಸೆಟ್ಟಿನವರೆಂದು ತಿಳಿದಿದ್ದ ಪ್ರಿನ್ಸಿಪಾಲರು ಅತಿಥಿಗಳನ್ನು ಗೇಟಿನಿಂದ ಮೆರವಣಿಗೆಯಲ್ಲಿ ಕರೆತರಲು ಹೇಳಿದರು. “ನಡ್ಕೊಂಡ್ ಹೊಡ್ಯೋ ಬ್ಯಾಂಡಲ್ಲ ಸಾ ಇದು, ನಿಂತ್ಕೊಂಡ್ ಬಯ್ಯೋದು,” ಎಂದು ಧನ್ಯಾ ವಿವರಿಸಿದಳು. ರೂಪಶ್ರೀ ಸೆರಗು ಸಿಕ್ಕಿಸಿ ಮೈಕಿನ ಮುಂದೆ ನಿಂತು, ಮೊದಲ ಸಾಲನ್ನು ಕೂಗಲು ಹೋಗಿ ಕೆಮ್ಮಿದಳು. ಎರಡನೆಯ ಸಲ ದನಿ ಬಂತು. ಮೂರನೆಯ ಹಾಡಿನ ಹೊತ್ತಿಗೆ ಹುಡುಗಿಯರು ಟಿಫಿನ್ ಬಾಕ್ಸುಗಳನ್ನು ಬೆಂಚಿಗೆ ಬಡಿಯುತ್ತಿದ್ದರು. ಯಾರೋ ತೆಗೆದ ವಿಡಿಯೋ ಆ ವಾರದಲ್ಲೇ ಎಲ್ಲರ ಫೋನಿಗೂ ಬಂತು. ಮೋಹನ್‌ಕುಮಾರನ ಫೋನಿಗೂ.

“ಸೊಸೈಟೀಲಿ ಎಲ್ಲ ಕೇಳ್ತರೆ, ನಿಮ್ ಮನೇಲಿ ತಟ್ಟೆ ಯಾರ್ ತೊಳ್ಯೋದು ಅಂತ.”

“ಏನಂದ್ರಿ?”

“ಏನನ್ನನ? ನಗಾಡ್ದೆ.”

ಆಮೇಲೆ ಕರೆಗಳು ಬರತೊಡಗಿದವು. ಹಾಸನ, ಅರಕಲಗೂಡು, ಮೈಸೂರು. ಎಲ್ಲವೂ ಸಂಜೆ ಆರಕ್ಕೋ ಏಳಕ್ಕೋ. ಸಭೆ ಏರ್ಪಡಿಸುವವರಿಗೆ ಸಂಜೆಯೆಂದರೆ ಬಿಡುವಿನ ಹೊತ್ತು. ರೂಪಶ್ರೀಗೆ ಕೊಟ್ಟಿಗೆ, ದೀಪ, ಅಡುಗೆ. ಹಾಸನದ ಮೊದಲ ಕಾರ್ಯಕ್ರಮಕ್ಕೆ ಅವಳಿಲ್ಲದೆ ಹೋದರು, ತ್ರಿಷಾಳೇ ಹಾಡಿದಳು. ಅರಕಲಗೂಡಿಗೂ ಹಾಗೇ ಆಯಿತು. ಮೈಸೂರಿನದನ್ನು ರೂಪಶ್ರೀ ಕೊಟ್ಟಿಗೆಯಲ್ಲಿ ಕೂತು ಫೋನಿನಲ್ಲಿ ನೋಡಿದಳು. ತನ್ನ ಮಾತುಗಳು ಬೇರೆ ಬಾಯಿಯಿಂದ, ಚೆನ್ನಾಗಿಯೇ ಬರುತ್ತಿದ್ದವು. ಶುರುವಿನಲ್ಲಿ ತ್ರಿಷಾ “ಇದನ್ನ ಬರೆದದ್ದು ನಮ್ಮ ರೂಪಕ್ಕ” ಎನ್ನುತ್ತಿದ್ದಳು. ಮೈಸೂರಿನಲ್ಲಿ ಅದನ್ನು ಹೇಳಲು ಮರೆತಿದ್ದಳು. ಬೇಕೆಂದು ಬಿಟ್ಟದ್ದಲ್ಲ, ಅದು ರೂಪಶ್ರೀಗೂ ಗೊತ್ತಿತ್ತು. ಅಂದು ಹಾಲು ಕರೆಯುವಾಗ ಹಾಡು ಬಾಯಿಗೆ ಬರಲಿಲ್ಲ. ಚುಕ್ಕಿ ಕಾದು ಕಾದು ಬಾಲದಿಂದ ಅವಳ ಮುಖಕ್ಕೆ ಬೀಸಿತು.

ನವೆಂಬರಿನಲ್ಲಿ ತ್ರಿಷಾ ಸ್ಟೂಲಿನ ಪಕ್ಕ ಬಂದು ಕುಕ್ಕರಗಾಲಲ್ಲಿ ಕೂತಳು.

“ಡಿಸೆಂಬರ್ ಹದಿನಾಲ್ಕು, ಭಾನುವಾರ, ಹಾಸನ. ಆರು ಗಂಟೆಗೆ. ಬೆಂಗಳೂರಿಂದ ಬಂದು ರೆಕಾರ್ಡ್ ಮಾಡ್ತಾರಂತೆ ಅಕ್ಕ. ಅದನ್ನೇ ಎಲ್ಲಾ ಕಡೆ ಬಿಡೋದು. ನೀವ್ ಬರ್ಲಿಲ್ಲ ಅಂದ್ರೆ ನನ್ ದನೀನೇ ಉಳ್ಯುತ್ತೆ. ನಂಗ್ ಅದು ಇಷ್ಟ ಇಲ್ಲ.”

ರೂಪಶ್ರೀ ಒಂದು ತಿಂಗಳು ಮೊದಲೇ ಗಂಡನಿಗೆ ಹೇಳಿದಳು. ಒಂದು ಸಂಜೆ, ಒಂದೇ ಒಂದು ಸಲ ಹಾಲು ಕರೆದುಕೊಳ್ಳಿ ಎಂದಳು. ಅವನು ಇಲ್ಲ ಎನ್ನಲಿಲ್ಲ. ಬಕೆಟ್ಟು ಹಿಡಿದು ಚುಕ್ಕಿಯ ಪಕ್ಕ ಕೂತ, ಎರಡು ಸಲ ಮೊಲೆ ಎಳೆದ, ಹಸು ಒದೆಯಿತು, ಎದ್ದ.

“ನೋಡ್ದಾ, ನಂಗ್ ಕೊಡಲ್ಲ ಅದು.” ಅವನ ಮುಖದಲ್ಲಿ ಪರೀಕ್ಷೆ ಮುಂದಕ್ಕೆ ಹೋದ ಮಕ್ಕಳ ಸಮಾಧಾನವಿತ್ತು.

“ನಾಳೆ ಇನ್ನೊಂದ್ಸಲ ಕೂತ್ಕೊಳ್ಳಿ. ಹಾಡು ಹೇಳ್ಬೇಕು.”

“ಆ ಪದ ನಾನ್ ಯೋಳ್ಲಾ? ಸರೋಯ್ತು.”

ಬೆಟ್ಟಮ್ಮ ಜಗುಲಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಳು. “ನಮ್ಮವ್ವ ಸತ್ ದಿನ ಆಲ್ ಕರ್ದಿಟ್ಟೇ ಓಗಿದ್ದು ನಾನು,” ಎಂದಳು. “ಮಣ್ಣಾಗೋಗಿತ್ತು ಅಷ್ಟೊತ್ಗೆ.” ಬೈಯುತ್ತಿದ್ದಾಳೋ ಹೇಳಿಕೊಳ್ಳುತ್ತಿದ್ದಾಳೋ ರೂಪಶ್ರೀಗೆ ತಿಳಿಯಲಿಲ್ಲ. ಏನಾದರಾಗಲಿ ಹೋಗುವುದೆಂದು ಅವಳು ನಿರ್ಧರಿಸಿದಳು. ಹಸುವಿಗೆ ನೋವಾದರೂ ಸರಿ ಎಂದುಕೊಂಡಳು. ಆಮೇಲೆ ಹಾಗಂದುಕೊಂಡದ್ದಕ್ಕೆ ಎರಡು ದಿನ ಊಟ ಸೇರಲಿಲ್ಲ.

ಕಾರ್ಯಕ್ರಮದ ಪ್ರಚಾರಕ್ಕೆ ಪಾಂಪ್ಲೆಟ್ಟು ಬೇಡ, ತಟ್ಟೆ ಹಂಚೋಣ ಎಂದವಳು ತ್ರಿಷಾ. ಗೋಡೌನಿನಲ್ಲಿ ವರ್ಷಗಳಿಂದ ಬಿದ್ದಿದ್ದ ನೂರು ಸಣ್ಣ ತಟ್ಟೆಗಳನ್ನು ಜಿನಚಂದ್ರರು ತೆಗೆದುಕೊಳ್ಳಿ ಎಂದರು. ಮೂವರ ಹೆಸರೂ ಹಾಕಬೇಕೆಂದಿತ್ತು. ಅಷ್ಟು ಜಾಗವಿಲ್ಲ. ಆದ್ದರಿಂದ ಒಂದೊಂದು ತಟ್ಟೆಗೆ ಒಬ್ಬೊಬ್ಬರ ಹೆಸರು. ಹದಿಮೂರು ವರ್ಷದಲ್ಲಿ ಮೊದಲ ಸಲ ರೂಪಶ್ರೀ ತನ್ನ ಹೆಸರು ಕೊರೆದಳು. ರಕಾರದ ದೀರ್ಘ ಸ್ವಲ್ಪ ಅಲುಗಿತು. ‘ರೂಪಶ್ರೀ, ನುಗ್ಗೇಹಳ್ಳಿ, 14-12-2025.’ ಮೂವತ್ತನಾಲ್ಕು ತಟ್ಟೆ. ಕೆಳಗೆ ಮುಸುರೆ ಎಂದು ಸಣ್ಣದಾಗಿ ಹಾಕಿದಳು, ಅದು ಅಂಚಿನ ಮಡಿಕೆಯಲ್ಲಿ ಹೋಗಿ ಕೂತಿತು. ತಟ್ಟೆ ಎಷ್ಟು ಚೆನ್ನಾಗಿ ಬಂದಿದೆಯೆಂದು ನೋಡಿಕೊಂಡಳೇ ಹೊರತು, ಹೆಂಗಸಿನ ಹೆಸರು, ಊರು, ತಾರೀಖು ಇರುವ ಸಣ್ಣ ತಟ್ಟೆಯನ್ನು ಪುಕ್ಕಟೆ ಹಂಚಿದರೆ ಈ ಸೀಮೆಯ ಜನ ಏನೆಂದುಕೊಳ್ಳುತ್ತಾರೆ ಎಂದು ಅವಳಿಗೆ ಹೊಳೆಯಲಿಲ್ಲ. ಅಂಥ ಸಾವಿರಾರು ತಟ್ಟೆ ಕೊರೆದವಳಿಗೇ ಹೊಳೆಯಲಿಲ್ಲ. ಧನ್ಯಾ ಶುಕ್ರವಾರ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕಂಡ ಹೆಂಗಸರ ಕೈಗೆಲ್ಲ ಕೊಟ್ಟು ಬಂದಳು.

ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ರೂಪಶ್ರೀ ತಲೆ ಬಾಚುತ್ತಿದ್ದಳು. ಮೂರರ ಬಸ್ಸು ಹಿಡಿಯಬೇಕು. ಹೊರಗೆ ಟೆಂಪೋ ನಿಂತ ಸದ್ದು, ಹಿಂದೆಯೇ ಹೆಂಗಸರ ಅಳು. ಯಾರಿಗೇನಾಯಿತೋ ಎಂದು ಬಾಚಣಿಗೆ ಕೈಯಲ್ಲೇ ಹಿಡಿದು ಬಾಗಿಲಿಗೆ ಓಡಿದಳು. ಅರಕಲಗೂಡಿನಲ್ಲಿದ್ದ ಅವಳ ಸೋದರಮಾವ ತಮ್ಮಯ್ಯ, ಅವನ ಹೆಂಡತಿ, ಅವರ ಮಕ್ಕಳು ಸೊಸೆಯರು, ಒಟ್ಟು ಹನ್ನೊಂದು ಜನ. ಮುಂದಿದ್ದ ತಮ್ಮಯ್ಯನ ಹೆಂಡತಿ ಎದೆ ಬಡಿದುಕೊಳ್ಳಲು ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿ ಬಾಯಿ ಬಿಟ್ಟುಕೊಂಡು ನೋಡಿದಳು. ತಮ್ಮಯ್ಯನ ಕೈಯಲ್ಲಿ ತಟ್ಟೆಯಿತ್ತು.

“ನೀನು... ನೀನ್ ಇದೀಯಲ್ಲವ್ವ,” ಎಂದ ತಮ್ಮಯ್ಯ. ನಾಲಗೆ ತೊಡರಿತು.

“ಇದೀನಲ್ಲ ಮಾವ. ಯಾಕೆ?”

ಅವನು ತಟ್ಟೆ ಮುಂದೆ ಹಿಡಿದ. “ನನ್ ಸೊಸೆಗೆ ಯಾರೋ ಆಸ್ನದಾಗೆ ಕೊಟ್ರಂತೆ. ಇವತ್ ತಿಥಿ ಅಂತ ಬರ್ದೈತೆ. ಸೋದರಮಾವುನ್ಗೇ ಯೋಳ್ಲಿಲ್ವಲ್ಲ, ಮಣ್ಗೂ ಕರೀಲಿಲ್ವಲ್ಲ ಅಂತ ಜಗಳ ಆಡಕೇ ಬಂದೆ ಕಣವ್ವ. ಮೋಹನುನ್ಗೆ ಫೋನ್ ಮಾಡುದ್ರೆ ಎತ್ಲಿಲ್ಲ. ದುಕ್ಕದಾಗವ್ನೆ ಅನ್ಕಂಡೋ.”

“ನಂಗ್ ಮಾಡೋದಲ್ವಾ?”

“ಸತ್ತೋರ್ಗೆ ಯಾರವ್ವ ಫೋನ್ ಮಾಡ್ತರೆ?”

ಮೊದಲು ನಕ್ಕಿದ್ದು ಸೊಸೆಯಂದಿರು, ಆಮೇಲೆ ಎಲ್ಲರೂ. ತಮ್ಮಯ್ಯನ ಹೆಂಡತಿ ರೂಪಶ್ರೀಯನ್ನು ತಬ್ಬಿಕೊಂಡು ಈಗ ನಿಜವಾಗಿ ಅತ್ತಳು. ತೋಟದಿಂದ ಬಂದ ಮೋಹನ್‌ಕುಮಾರ್ ತಟ್ಟೆ ಓದಿ ಕೆಂಪಾದ. ಆದರೆ ನೆಂಟರೆದುರು ಕೂಗಾಡುವ ಮನುಷ್ಯನಲ್ಲ ಅವನು. “ಬಂದಿದ್ದು ಬಂದ್ರಿ, ಊಟ ಮಾಡ್ಕೊಂಡೇ ಓಗ್ಬೇಕು,” ಎಂದ. “ಅವರೆಕಾಯ್ ಕಾಲ. ಇದುಕ್ದಬೇಳೆ ಸಾರ್ ಮಾಡ್ತಾಳೆ.” ಹೇಳುವಾಗ ಅವಳ ಕಡೆ ನೋಡಿದ. ಮೂರರ ಬಸ್ಸು ಅವನಿಗೆ ಮರೆತಿರಲಿಲ್ಲ.

ಹನ್ನೆರಡು ಇಪ್ಪತ್ತು. ಅವರೆಕಾಯಿ ಸುಲಿದು, ನೆನೆಸಿ, ಒಂದೊಂದೇ ಕಾಳನ್ನು ಬೆರಳಲ್ಲಿ ಹಿಚುಕಿ ಸಿಪ್ಪೆ ಬಿಡಿಸಬೇಕು. ಅದರ ಮಾತೆತ್ತಿದವನು ಜೀವಮಾನದಲ್ಲಿ ಒಂದು ಕಾಳು ಹಿಚುಕಿದವನಲ್ಲ. ನೆನೆಯಲು ಹೊತ್ತಿಲ್ಲವೆಂದು ಬಿಸಿನೀರಿಗೆ ಹಾಕಿದಳು. ಸೊಸೆಯಂದಿರಿಬ್ಬರು ಅಡುಗೆಮನೆಗೆ ಬಂದು ಜೊತೆಗೆ ಕೂತರು. ಗಂಡಸರು ಜಗುಲಿಯ ಮೇಲೆ ತಟ್ಟೆಯನ್ನು ಕೈಯಿಂದ ಕೈಗೆ ದಾಟಿಸಿ ನಗುತ್ತಿದ್ದರು. ಬಿಸಿ ಕಾಳು ಬೆರಳ ತುದಿ ಸುಡುತ್ತಿತ್ತು. ರೂಪಶ್ರೀ ತನ್ನ ತಿಥಿಯ ಅಡುಗೆಯನ್ನು ತಾನೇ ಮಾಡಿದಳು, ತಾನೇ ಬಡಿಸಿದಳು. “ಉಪ್ ಒಂದ್ಚೂರು ಕಮ್ಮಿ ಕಣವ್ವ,” ಎಂದ ತಮ್ಮಯ್ಯ, ಅವಳ ಹೆಸರಿನ ತಟ್ಟೆಯಲ್ಲೇ ಮುದ್ದೆ ಮುರಿಯುತ್ತ.

ಎಲ್ಲರೂ ಎದ್ದಾಗ ಎರಡು ಮುಕ್ಕಾಲು. ಬಚ್ಚಲ ಪಕ್ಕ ಹದಿನಾಲ್ಕು ತಟ್ಟೆ, ಲೋಟ, ಪಾತ್ರೆ. ಅಂಚಿಗೆ ಸಾರು ಒಣಗುತ್ತಿತ್ತು. ರೂಪಶ್ರೀ ರಾಶಿಯಿಂದ ಒಂದೇ ಒಂದು ತಟ್ಟೆ ಎತ್ತಿ ತೊಳೆದಳು, ತನ್ನ ಹೆಸರಿನದನ್ನು. ಸೆರಗಿನಲ್ಲಿ ಒರೆಸಿ ಬ್ಯಾಗಿಗೆ ಹಾಕಿಕೊಂಡು ಜಗುಲಿ ಇಳಿದಳು.

“ಎಲ್ಗೆ?” ಎಂದ ಮೋಹನ್‌ಕುಮಾರ್. “ಚುಕ್ಕಿ ಆಲ್ ಯಾರ್ ಕರ್ಯೋದು?”

ಅವಳು ತಿರುಗಿದಳು. ಹನ್ನೊಂದು ಜನ ನೋಡುತ್ತಿದ್ದರು. ಬೆಟ್ಟಮ್ಮನೂ. ಜಗಳಕ್ಕೆ ದನಿ ಖರ್ಚು ಮಾಡುವಂತಿರಲಿಲ್ಲ, ಅದನ್ನು ಸಂಜೆಗೆ ಉಳಿಸಿಕೊಳ್ಳಬೇಕಿತ್ತು. ಮೆಲ್ಲಗೆ ಅಂದಳು.

“ಸತ್ತೋರು ಹಾಲ್ ಕರೀತಾರೇನ್ರಿ? ಇವತ್ತೊಂದಿನ ಸತ್ತಿದೀನಿ ಅನ್ಕೊಳ್ಳಿ.”

ಬಸ್ಸು ಸಿಕ್ಕಿತು, ನಿಂತುಕೊಂಡು ಹೋಗುವಷ್ಟು ಜಾಗ. ಹಾಸನ ತಲುಪುವಷ್ಟರಲ್ಲಿ ಫೋನು ಒಂಬತ್ತು ಸಲ ಹೊಡೆದುಕೊಂಡಿತ್ತು. ಐದೂವರೆಗೆ, ವೇದಿಕೆಯ ಹಿಂದೆ, ತ್ರಿಷಾ ಜೈನರ ರೂಢಿಯಂತೆ ಹೊತ್ತು ಮುಳುಗುವ ಮೊದಲೇ ಡಬ್ಬಿ ಬಿಚ್ಚಿ ಚಪಾತಿ ತಿನ್ನುತ್ತ ಅವಳಿಗೂ ಒಂದು ಕೊಟ್ಟಳು. ರೂಪಶ್ರೀ ಅದನ್ನು ಮಡಿಸಿ ಪಕ್ಕಕ್ಕಿಟ್ಟಳು. ಈಗ ಚುಕ್ಕಿಯ ಕೆಚ್ಚಲು ಬಿಗಿದಿರುತ್ತದೆ, ಬಾಗಿಲ ಕಡೆ ನೋಡುತ್ತಿರುತ್ತದೆ. ಅವಳ ಅಂಗೈ ತಾನಾಗಿ ಮುಚ್ಚಿ ತೆರೆಯುತ್ತಿತ್ತು.

ಆರಕ್ಕೆ ದೀಪ ಬಿತ್ತು. ಧನ್ಯಾ ಕೊಳಗಕ್ಕೆ ಬಡಿದಳು. ರೂಪಶ್ರೀ ಮಿಷನ್ನಿನ ಸ್ವಿಚ್ಚು ಒತ್ತಿ ತನ್ನ ಹೆಸರಿನ ತಟ್ಟೆಗೆ ಊರಿದಳು, ಸಭಾಂಗಣ ಕಿವಿ ಮುಚ್ಚಿಕೊಂಡಿತು. ಅವಳು ಕೂಗಿದಳು. ದನಿ ಎರಡು ಕಡೆ ಒಡೆಯಿತು, ನಿಲ್ಲಿಸಲಿಲ್ಲ. ಆ ರೆಕಾರ್ಡನ್ನು ಈಗ ಸಾವಿರಾರು ಜನ ಕೇಳಿದ್ದಾರೆ. ಕೊನೆಯಲ್ಲಿ, ಗಿಟಾರು ನಿಂತ ಮೇಲೂ, ಅವಳು ಒಂದೇ ಸಮನೆ ಅರಚುವ ಮಾತಿದೆ: “ಇಳ್ಸೇ, ಇಳ್ಸೇ, ಇಳ್ಸೇ.” ಕೇಳಿದವರು ಅದನ್ನು ಭಾರವನ್ನು ಇಳಿಸು ಎಂದು ಅರ್ಥ ಮಾಡಿಕೊಂಡಿದ್ದಾರೆ. ಬರೆದ ಹಾಡಿನಲ್ಲಿ ಆ ಮಾತಿಲ್ಲ. ಕೊಟ್ಟಿಗೆಯ ಅಭ್ಯಾಸದಲ್ಲಿ ಬಾಯಿಗೆ ಬಂದದ್ದು ಅದು.

ಅಂದು ತ್ರಿಷಾಳ ಮನೆಯಲ್ಲಿ ಮಲಗಿ, ಮಾರನೆ ದಿನ ಮೊದಲ ಬಸ್ಸಿಗೆ ಊರಿಗೆ ಬಂದಳು. ಏಳು ಗಂಟೆ. ಬೀದಿಯ ತುದಿಗೇ ಚುಕ್ಕಿ ಕೂಗುವುದು ಕೇಳಿಸಿತು. ಬಚ್ಚಲ ಪಕ್ಕ ಹದಿಮೂರು ತಟ್ಟೆ ಇಟ್ಟಲ್ಲೇ ಇದ್ದವು. ಬೆಟ್ಟಮ್ಮ ಒಲೆಯ ಮುಂದೆ ಬಲಗೈಯನ್ನು ಬಿಸಿನೀರಿನಲ್ಲಿ ಅದ್ದಿಕೊಂಡು ಕೂತಿದ್ದಳು. ಬೆರಳುಗಳು ಊದಿ ಒಂದಕ್ಕೊಂದು ಅಂಟಿದ್ದವು.

“ನೀವ್ ಕರೆದ್ರಾ ಅತ್ತೆ?”

“ಇನ್ಯಾರ್ ಕರೀತಾರೆ? ಅದುರ್ ಸಂಕ್ಟ ನೋಡಕಾಗ್ಲಿಲ್ಲ. ಆ ಪದ ಯೋಳ್ದೆ, ಆಮೇಲ್ ಬಿಡ್ತು.” ಬೆಟ್ಟಮ್ಮ ಕೈಯನ್ನು ನೀರಿನಿಂದ ಎತ್ತಿ ನೋಡಿಕೊಂಡಳು. “ಮೋಹನ ಟಾರ್ಚ್ ಇಡ್ಕಂಡಿದ್ದ. ಬೆಳಗ್ಗೀದ್ ನನ್ ಕೈಲಾಗ್ಲಿಲ್ಲ ಕಣವ್ವ. ಇನ್ಯಾವತ್ತೂ ಆಗಕಿಲ್ಲ.”

ತಾನು ಇಳಿಸಿ ಹೋದ ಕೆಲಸ ಎಲ್ಲಿ ಹೋಗಿ ಬಿದ್ದಿತ್ತೆಂದು ರೂಪಶ್ರೀ ನೋಡಿದಳು. ಡೈರಿ ಮುಚ್ಚಲು ಅರ್ಧ ಗಂಟೆಯಿತ್ತು. ಚುಕ್ಕಿ ಮತ್ತೆ ಕೂಗಿತು, ಅವಳ ಅಂಗೈ ಮುಚ್ಚಿ ತೆರೆಯಿತು. ಗೂಟದಿಂದ ಬಕೆಟ್ಟು ತೆಗೆದುಕೊಂಡಳು. ಕೊಟ್ಟಿಗೆಯ ಕಡೆ ನಾಲ್ಕು ಹೆಜ್ಜೆ ಹಾಕಿ ನಿಂತಳು. ಆಮೇಲೆ ಜಗುಲಿಗೆ ಬಂದು, ಕಾಫಿಗೆ ಕಾಯುತ್ತ ಕೂತಿದ್ದ ಮೋಹನ್‌ಕುಮಾರನ ಮುಂದೆ ಬಕೆಟ್ಟನ್ನು ಇಟ್ಟಳು. ಇಡುವಾಗ, ಹದಿಮೂರು ವರ್ಷದ ಹಿಂದೆ ತಾನು ಕೊರೆದ ಅಕ್ಷರಗಳು ಅವನ ಕಡೆಗೆ ಬರುವ ಹಾಗೆ ತಿರುಗಿಸಿದಳು.

“ನಿಮ್ದೇ ಹೆಸ್ರಿದೆ, ತಗೊಳ್ಳಿ,” ಎಂದಳು. “ಪದ ನಾನ್ ಹೇಳ್ತೀನಿ. ಕೈ ನಿಮ್ದು.”

ಅವನು ಬಕೆಟ್ಟನ್ನು ನೋಡಿದ, ಅವಳನ್ನು ನೋಡಿದ, ಒಳಗೆ ಅಮ್ಮ ಕೂತಿದ್ದ ಕಡೆ ನೋಡಿದ. ಚುಕ್ಕಿ ಕೂಗುತ್ತಲೇ ಇತ್ತು. ರೂಪಶ್ರೀ ಕೊಟ್ಟಿಗೆಯ ಬಾಗಿಲಿಗೆ ಹೋಗಿ, ಎರಡೂ ಕೈಯನ್ನು ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡು, ಒಡೆದುಹೋದ ಗಂಟಲಿನಲ್ಲಿ ಮೊದಲ ಸಾಲು ಶುರು ಮಾಡಿದಳು.